ಸೋಮವಾರದ ಮಳೆ

ನನ್ನ ಹೆಸರಿದ್ದ ಒಂದು ಸಂಶೋಧನಾ ಪೇಪರನ್ನು 2020ರ ಜುಲೈಯಲ್ಲಿ ವಾಪಸ್ ಪಡೆದೆವು. ಬರೆದ ಐದು ಜನರಲ್ಲಿ ನನ್ನದು ನಾಲ್ಕನೇ ಹೆಸರು. ಜರ್ನಲ್‌ನ ವೆಬ್‌ಸೈಟಿನಲ್ಲಿ ಆ ಪೇಪರ್ ಈಗಲೂ ಇದೆ. ತೆರೆದರೆ ಪ್ರತಿ ಪುಟದ ಮೇಲೂ ಓರೆಯಾಗಿ, ದೊಡ್ಡದಾಗಿ ‘ರಿಟ್ರ್ಯಾಕ್ಟೆಡ್’ ಎಂಬ ಅಕ್ಷರಗಳು. ಅದರ ಅಡಿಯಲ್ಲಿ ನಾವು ಬರೆದದ್ದೆಲ್ಲ ಹಾಗೇ ಓದಲು ಸಿಗುತ್ತದೆ.

ಊರಲ್ಲಿ ವಿಷಯ ಗೊತ್ತಾದವರು ಮೊದಲು ಕೇಳುವುದು, “ಏನಾದ್ರೂ ಮೋಸ ಆಗಿತ್ತಾ?” ಅಂತ. ಕೆಲವರು ಕೇಳುವುದೇ ಇಲ್ಲ, ಮಾತು ಬದಲಿಸುತ್ತಾರೆ. ನನಗೆ ಅದು ಇನ್ನೂ ಕಷ್ಟ. ಆಗಿದ್ದು ಏನು, ಹೇಗೆ ಅಂತ ಒಮ್ಮೆ ಪೂರ್ತಿ ಬರೆದುಬಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ತೋಟ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿದೆ. ಅರೇಬಿಕಾ ಕಾಫಿ ಜಾಸ್ತಿ, ತಗ್ಗಿನಲ್ಲಿ ಸ್ವಲ್ಪ ರೊಬಸ್ಟಾ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಅಂತ ಒಂದು ಇರುತ್ತದೆ. ಅಂಗಳದ ಕಟ್ಟೆಯ ಮೇಲೆ ರೇನ್ ಗೇಜ್ ಇಟ್ಟಿರುತ್ತಾರೆ. ದಿನಾ ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಸರ್ಕಾರ, ವಿಜ್ಞಾನಿಗಳು ಎಲ್ಲರೂ ಮಿಲಿಮೀಟರ್‌ಗೆ ಹೋಗಿ ಎಷ್ಟೋ ವರ್ಷವಾಯಿತು. ನಮ್ಮ ಕಡೆ ಇವತ್ತಿಗೂ ಇಂಚು ಮತ್ತು ಸೆಂಟ್. ನೂರು ಸೆಂಟ್ ಆದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬೆಳಿಗ್ಗೆ ಫೋನಿನಲ್ಲಿ “ನಿಮ್ಮಲ್ಲೆಷ್ಟು?” ಅಂದರೆ “ಒಂದು ಇಪ್ಪತ್ತು” ಅಂತ ಉತ್ತರ ಬರುತ್ತದೆ. ಯಾವುದರ ಲೆಕ್ಕ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆಗೆ, ಅಂದರೆ ಕಾಫಿ ಹೂ ಬಿಡಲು ಬೇಕಾದ ಮಳೆಗೆ, ಕಾಯುವಾಗಂತೂ ಇಪ್ಪತ್ತು ಸೆಂಟ್ ಹೆಚ್ಚೋ ಕಡಿಮೆಯೋ ಅನ್ನುವುದರ ಮೇಲೆ ವರ್ಷದ ಫಸಲು ನಿಂತಿರುತ್ತದೆ.

ನಮ್ಮ ಮನೆಯ ಪುಸ್ತಕ ಶುರು ಮಾಡಿದ್ದು ಅಜ್ಜ. ಅವರದ್ದು ಒಂದೇ ಕಟ್ಟುನಿಟ್ಟು. ತಪ್ಪು ಬರೆದರೆ ರಬ್ಬರ್ ಮುಟ್ಟಬಾರದು, ಗೀಚಿ ಕಪ್ಪು ಮಾಡಬಾರದು. ಹಳೆ ಅಂಕಿಯ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಅಂಕಿ ಕೆಳಗೆ ಕಾಣುತ್ತಿರಬೇಕು. ಸರಿಯಾದದ್ದನ್ನು ಮೇಲೆ ಬರೆದು ಪಕ್ಕದಲ್ಲಿ ಸಹಿ. ಚಿಕ್ಕವಳಿದ್ದಾಗ ನಾನು ಒಮ್ಮೆ ರಬ್ಬರ್ ಹಾಕಿ ಬೈಸಿಕೊಂಡಿದ್ದೆ. “ಈಗ ಬರೆದದ್ದೇ ತಪ್ಪು ಅಂತ ನಾಳೆ ಗೊತ್ತಾದ್ರೆ, ಹಿಂದಿಂದು ಎಲ್ಲಿ ಹುಡುಕ್ತೀಯಾ?” ಅಂತ ಕೇಳಿದ್ದರು.

ಎಂಎಸ್ಸಿ ಮುಗಿದ ಮೇಲೆ ನಾನು ಒಂದು ಸಂಶೋಧನಾ ಯೋಜನೆಯಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದೆ. ಕೊಡಗಿನ ಮಳೆ ಹೇಗೆ ಬದಲಾಗುತ್ತಿದೆ ಅಂತ ನೋಡುವ ಕೆಲಸ. ಹನ್ನೊಂದು ತೋಟಗಳ ಮಳೆ ಪುಸ್ತಕಗಳನ್ನು ಒಟ್ಟು ಮಾಡಿದೆವು. ಅದರಲ್ಲಿ ನಮ್ಮ ಮನೆಯದೂ ಒಂದು. ಪುಸ್ತಕಗಳ ಫೋಟೋ ತೆಗೆದು, ಒಂದೊಂದೇ ದಿನದ ಅಂಕಿಯನ್ನು ಎಕ್ಸೆಲ್‌ಗೆ ಹಾಕಿದ್ದು ನಾನು. ಸುಮಾರು ಒಂದು ವರ್ಷ ಅದೇ ಕೆಲಸ ಮಾಡಿದೆ. ಕಣ್ಣು ಉರಿಯುತ್ತಿತ್ತು, ಆದರೂ ತುಂಬಾ ಇಷ್ಟಪಟ್ಟು ಮಾಡಿದ್ದೆ. ಯಾರದ್ದೋ ಅಜ್ಜ, ಯಾರದ್ದೋ ರೈಟರ್ (ತೋಟದ ಲೆಕ್ಕ ಬರೆಯುವವರು) ಬರೆದ ಅಕ್ಷರ. ಅಂಕಿಗಳ ನಡುವೆ ‘ಇವತ್ತು ಹೂ ಮಳೆ’, ‘ಗುಡುಗು ಜಾಸ್ತಿ’, ‘ಹಸು ಕರು ಹಾಕಿತು’ ಅಂತೆಲ್ಲ ಬರೆದಿರುತ್ತಿದ್ದರು.

ಪುಸ್ತಕಗಳಲ್ಲಿ ಖಾಲಿ ಜಾಗಗಳೂ ಇದ್ದವು. ಏನೂ ಬರೆಯದ ದಿನಗಳು. ಮಳೆ ಬರದ ದಿನ ಕೆಲವರು ಸೊನ್ನೆ ಬರೆಯುತ್ತಿದ್ದರು, ಕೆಲವರು ಸಣ್ಣ ಗೆರೆ ಎಳೆಯುತ್ತಿದ್ದರು, ಕೆಲವರು ಹಾಗೇ ಬಿಡುತ್ತಿದ್ದರು. ಜನವರಿ, ಫೆಬ್ರವರಿಯ ಪುಟಗಳು ಪೂರ್ತಿ ಖಾಲಿ ಇರುತ್ತಿದ್ದವು. ಹಾಗಾಗಿ ಖಾಲಿ ಅಂದರೆ ಮಳೆ ಇಲ್ಲ ಅಂತ ನಾನು ಅಂದುಕೊಂಡೆ. ಎಲ್ಲಾ ಖಾಲಿ ಜಾಗಕ್ಕೂ ಸೊನ್ನೆ ಹಾಕಿದೆ. ಹಾಗೆ ಮಾಡು ಅಂತ ನನಗೆ ಯಾರೂ ಹೇಳಲಿಲ್ಲ. ಮಾಡಲಾ ಅಂತ ನಾನೂ ಯಾರನ್ನೂ ಕೇಳಲಿಲ್ಲ.

ಪೇಪರ್ 2016ರಲ್ಲಿ ಬಂತು. ಅದರ ಮುಖ್ಯ ಮಾತು ಎರಡು. ಒಂದು, ಕೊಡಗಿನಲ್ಲಿ ವರ್ಷಕ್ಕೆ ಮಳೆ ಬೀಳುವ ದಿನಗಳು ಕಡಿಮೆಯಾಗುತ್ತಿವೆ. ಎರಡು, ಒಂದೇ ದಿನಕ್ಕೆ ಭಾರೀ ಮಳೆ ಸುರಿಯುವುದು ಹೆಚ್ಚುತ್ತಿದೆ. ಎಲ್ಲರೂ ಹೌದು ಹೌದು ಅಂದರು. ಊರಿನವರೂ ಅದನ್ನೇ ಹೇಳುತ್ತಿದ್ದರಲ್ಲ. ನಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಉತ್ತರ ಲೆಕ್ಕದಲ್ಲೂ ಬಂದಾಗ ಯಾರಿಗೂ ಅನುಮಾನ ಬರುವುದಿಲ್ಲ. ಪೇಪರನ್ನು ಪರಿಶೀಲಿಸಿದ ಇಬ್ಬರು ತಜ್ಞರು ಭಾಷೆ ತಿದ್ದಲು ಹೇಳಿದರು, ಒಂದು ನಕ್ಷೆ ಬದಲಿಸಲು ಹೇಳಿದರು. ಎಕ್ಸೆಲ್ ಕಡತ ಕಳಿಸಿ ಅಂತ ಕೇಳಲಿಲ್ಲ. ಇದು ಅವರ ಮೇಲಿನ ದೂರಲ್ಲ. ಇಂಥ ಪರಿಶೀಲನೆಗೆ ಸಾಮಾನ್ಯವಾಗಿ ಯಾರೂ ದುಡ್ಡು ಕೊಡುವುದಿಲ್ಲ. ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರಹವನ್ನು ಓದುತ್ತಾರೆ. ಅದರ ಹಿಂದಿನ ಮೂಲ ಅಂಕಿಗಳನ್ನು ನೋಡುವುದು ಅಪರೂಪ. ‘ತಜ್ಞರು ಪರಿಶೀಲಿಸಿದ ಪೇಪರ್’ ಅಂದರೆ ಒಳಗಿನ ಪ್ರತಿ ಲೆಕ್ಕವನ್ನೂ ಯಾರೋ ಮತ್ತೆ ಮಾಡಿ ನೋಡಿದ್ದಾರೆ ಅಂತ ಜನ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ.

ನಾನು ಅಷ್ಟು ಹೊತ್ತಿಗೆ ಆ ಕೆಲಸ ಬಿಟ್ಟು ತೋಟಕ್ಕೆ ಬಂದಿದ್ದೆ. ಆಮೇಲೆ 2018ರ ಆಗಸ್ಟ್ ಬಂತು.

ಆ ಮಳೆಯ ಬಗ್ಗೆ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ ಕಡೆ ಗುಡ್ಡಗಳೇ ಕೆಳಗೆ ಬಂದವು. ಮನೆ, ತೋಟ, ಗದ್ದೆ ಗುರುತು ಸಿಗದ ಹಾಗೆ ಹೋದವು. ನಾವೂ ಎರಡು ದಿನ ಮನೆ ಬಿಟ್ಟು ನೆಂಟರಲ್ಲಿ ಇದ್ದೆವು. ಭೂಕುಸಿತ ಯಾಕಾಯಿತು ಅಂತ ಆಮೇಲೆ ಎಲ್ಲ ಕಡೆ ಚರ್ಚೆ. ಆ ಚರ್ಚೆಯಲ್ಲಿ ಬಂದ ಒಂದು ಬರಹ ನಮ್ಮ ಪೇಪರನ್ನು ಆಧಾರವಾಗಿ ತೋರಿಸಿತ್ತು. ಒಂದೇ ದಿನದ ಭಾರೀ ಮಳೆ ಇಲ್ಲಿ ಎಷ್ಟು ಹೆಚ್ಚಿದೆ ನೋಡಿ ಅಂತ. ಓದಿ ಹೆಮ್ಮೆಯಾಯಿತು. ಈ ವರ್ಷದ್ದೆಷ್ಟು ಅಂತ ನೋಡೋಣ ಎಂದು ಅಪ್ಪನ ಪುಸ್ತಕ ತೆಗೆದೆ.

ಆಗಸ್ಟ್ 15ರ ಎದುರು ಒಂದು ಅಂಕಿ ಇತ್ತು. 16 ಖಾಲಿ. 17 ಖಾಲಿ. 18ರ ತನಕ ಒಂದು ದೊಡ್ಡ ಬ್ರಾಕೆಟ್ ಎಳೆದು ಅಪ್ಪ ಬರೆದಿದ್ದರು: ‘ಪಾತ್ರೆ ತುಂಬಿ ಹೊರಗೆ ಹೋಗಿತ್ತು. ಲೆಕ್ಕ ಸಿಗಲಿಲ್ಲ.’

ನಾನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಾ ಕೂತೆ. ಇದೇ ಪುಟ ಆಗ ನನ್ನ ಕೈಗೆ ಬಂದಿದ್ದರೆ, ನಾನು ಕಂಡ ಅತಿ ದೊಡ್ಡ ಮಳೆಯ ಎರಡು ದಿನಗಳಿಗೆ ಸೊನ್ನೆ ಹಾಕುತ್ತಿದ್ದೆ.

“ಅಪ್ಪ, ಖಾಲಿ ಬಿಡೋದು ಯಾವಾಗ?” ಅಂತ ಕೇಳಿದೆ. “ನೋಡೋಕೆ ಆಗದಿದ್ದಾಗ” ಅಂದರು. ಇದನ್ನೂ ಕೇಳಬೇಕಾ ಅನ್ನುವ ಹಾಗೆ ನನ್ನ ಮುಖ ನೋಡಿದರು. “ಮಾರನೇ ದಿನ ನೋಡಿದಾಗ ಎರಡು ದಿನದ್ದೂ ಸೇರಿ ಇರುತ್ತಲ್ಲ, ಅದನ್ನ ಬರೀತೀವಿ.”

ಅವತ್ತು ರಾತ್ರಿ ಹಳೆ ಲ್ಯಾಪ್‌ಟಾಪ್ ತೆಗೆದೆ. ಕಡತ ಇನ್ನೂ ಇತ್ತು. ಏನು ಹುಡುಕಬೇಕು ಅಂತ ಮೊದಲು ತಿಳಿಯಲಿಲ್ಲ. ಕೊನೆಗೆ ಪ್ರತಿ ತಾರೀಖಿನ ಮುಂದೆ ವಾರದ ಹೆಸರು ಹಾಕಿ, ಮಳೆಗಾಲದ ನಾಲ್ಕು ತಿಂಗಳನ್ನು ವಾರದ ಪ್ರಕಾರ ಬೇರೆ ಮಾಡಿದೆ. ನಮ್ಮ ಭಾಗದ ತೋಟಗಳಲ್ಲಿ ಸೋಮವಾರಗಳಲ್ಲಿ ಮಳೆಯೇ ಇಲ್ಲದ ದಿನಗಳು ರಾಶಿ ಇದ್ದವು. ಮಂಗಳವಾರ ಬೇರೆಲ್ಲ ದಿನಕ್ಕಿಂತ ಜಾಸ್ತಿ ಮಳೆ.

ಮಳೆಗೆ ವಾರ ಗೊತ್ತಿಲ್ಲ ಅಲ್ವಾ? ಸೋಮವಾರ ನಮ್ಮ ಪೇಟೆಯ ಸಂತೆ. ಊರಿನ ಹೆಸರಲ್ಲೇ ಇದೆ. ಆ ದಿನ ತೋಟಕ್ಕೆ ರಜೆ. ರೈಟರ್ ಬರುವುದಿಲ್ಲ, ಗೇಜ್ ನೋಡುವವರಿಲ್ಲ. ಮಂಗಳವಾರ ಎರಡು ದಿನದ ನೀರು ಒಟ್ಟಿಗೆ ಅಳತೆಯಾಗುತ್ತದೆ. ಬೇರೆ ಕಡೆಯ ತೋಟಗಳಲ್ಲಿ ಅಲ್ಲಲ್ಲಿಯ ರಜೆಯ ದಿನಕ್ಕೆ ಇದೇ ಕಥೆ.

ಇಷ್ಟೇ ಆಗಿದ್ದರೆ ವರ್ಷಗಳ ಹೋಲಿಕೆಗೆ ಅಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಎಲ್ಲಾ ವರ್ಷವೂ ಒಂದೇ ಥರ ತಪ್ಪಾಗಿದ್ದರೆ ಏರಿಳಿತ ಹಾಗೇ ಉಳಿಯುತ್ತಿತ್ತು. ಆದರೆ ಅಜ್ಜನ ಕಾಲದಲ್ಲಿ ರೈಟರ್ ತೋಟದಲ್ಲೇ ಇರುತ್ತಿದ್ದ. ಸಂತೆಗೆ ಹೊರಡುವ ಮುಂಚೆ ಗೇಜ್ ನೋಡಿ ಬರೆದೇ ಹೋಗುತ್ತಿದ್ದ. ಹಳೆಯ ಪುಟಗಳಲ್ಲಿ ಖಾಲಿ ಜಾಗ ಬಹಳ ಕಡಿಮೆ. ಬರಬರುತ್ತಾ ತೋಟದ ಕೆಲಸದವರು ಇರುತ್ತಿದ್ದ ಲೈನ್ ಮನೆಗಳು ಖಾಲಿಯಾದವು, ರೈಟರ್‌ಗಳು ಪೇಟೆಯಿಂದ ಬಸ್ಸಿನಲ್ಲಿ ಬಂದು ಹೋಗುವ ಹಾಗಾಯಿತು, ಕೆಲವು ತೋಟಗಳ ಮಾಲೀಕರು ಬೆಂಗಳೂರು ಸೇರಿದರು. ಖಾಲಿ ದಿನಗಳು ಹೆಚ್ಚುತ್ತಾ ಹೋದವು. ಪ್ರತಿ ಖಾಲಿ ದಿನಕ್ಕೆ ನಾನು ಸೊನ್ನೆ ಹಾಕಿದಾಗ ಮಳೆಯ ದಿನ ಒಂದು ಕಡಿಮೆಯಾಯಿತು. ಅದರ ಮಾರನೇ ದಿನ ಎರಡು ದಿನದ ಮಳೆ ಒಂದೇ ದಿನಕ್ಕೆ ಬಿದ್ದು ಭಾರೀ ಮಳೆಯ ದಿನ ಒಂದು ಹೆಚ್ಚಾಯಿತು. ಮಳೆ ದಿನ ಕಡಿಮೆ, ಭಾರೀ ಮಳೆ ಜಾಸ್ತಿ. ನಮ್ಮ ಪೇಪರಿನ ಎರಡೂ ಮಾತು ನನ್ನ ಸೊನ್ನೆಗಳಿಂದಲೇ ಹುಟ್ಟಿರಬಹುದಿತ್ತು. ಕೊಡಗಿನಲ್ಲಿ ಕೆಲಸದವರು ಕಡಿಮೆಯಾದ ಕಥೆಯನ್ನು ನಾವು ಮಳೆಯ ಕಥೆ ಅಂತ ಅಚ್ಚು ಹಾಕಿಸಿದ್ದೆವು.

ಅಕ್ಟೋಬರ್‌ನಲ್ಲಿ ನಮ್ಮ ಗೈಡ್ ಆಗಿದ್ದ ಸರ್‌ಗೆ ಎಲ್ಲ ಬರೆದು ಕಳಿಸಿದೆ. “ಇಷ್ಟು ದೊಡ್ಡ ಡೇಟಾದಲ್ಲಿ ಅಂಥದ್ದೆಲ್ಲ ಸರಿಹೋಗುತ್ತಮ್ಮ” ಅಂತ ಮೊದಲು ಉತ್ತರ ಬಂತು. ವಾರದ ಲೆಕ್ಕದ ಚಿತ್ರ ಕಳಿಸಿದ ಮೇಲೆ ಅವರೇ ಫೋನ್ ಮಾಡಿದರು. ದನಿ ಬದಲಾಗಿತ್ತು. ಖಾಲಿ ದಿನಗಳನ್ನು ಬೇರೆ ಇಟ್ಟು ಮತ್ತೆ ಲೆಕ್ಕ ಹಾಕಿದೆವು. ಮಳೆ ದಿನ ಕಡಿಮೆಯಾಗುವುದು ಹೆಚ್ಚುಕಡಿಮೆ ಮಾಯವೇ ಆಯಿತು. ಭಾರೀ ಮಳೆ ಹೆಚ್ಚಿದ್ದು ಸ್ವಲ್ಪ ಉಳಿಯಿತು, ಆದರೆ ಹೌದು ಅಂತ ಗಟ್ಟಿಯಾಗಿ ಹೇಳುವಷ್ಟು ಅಲ್ಲ.

ಒಂದು ತಿದ್ದುಪಡಿ ಹಾಕಿಸಿದರೆ ಸಾಲದೇ ಅನ್ನುವುದು ಸರ್ ಅವರ ಪ್ರಶ್ನೆ. ಜರ್ನಲ್‌ಗಳಲ್ಲಿ ಈ ವ್ಯವಸ್ಥೆ ಇದೆ. ಸಣ್ಣ ತಪ್ಪಿದ್ದು ಮುಖ್ಯ ಮಾತು ಉಳಿಯುವುದಾದರೆ ತಿದ್ದುಪಡಿ. ಅನುಮಾನವಿದ್ದು ವಿಚಾರಣೆ ಮುಗಿಯದಿದ್ದರೆ ಓದುಗರಿಗೆ ಎಚ್ಚರಿಕೆಯ ಟಿಪ್ಪಣಿ. ಮುಖ್ಯ ಮಾತನ್ನೇ ನಂಬಲು ಆಗದಿದ್ದರೆ ವಾಪಸ್. ಕಾರಣ ಮೋಸವಾದರೂ ಸರಿ, ಗೊತ್ತಿಲ್ಲದೆ ಆದ ತಪ್ಪಾದರೂ ಸರಿ. ಜರ್ನಲ್ ಸಂಪಾದಕರಿಗೆ ದಾರಿ ತೋರಿಸುವ ಕೋಪ್ ಎಂಬ ಸಂಸ್ಥೆ 1997ರಿಂದ ಇದೆ. ಅದರ ನಿಯಮ ಹೀಗೆಯೇ ಹೇಳುತ್ತದೆ. ವಾಪಸ್ ಪಡೆದ ಪೇಪರನ್ನು ಅಳಿಸಬಾರದು, ಗುರುತು ಹಾಕಿ ಉಳಿಸಬೇಕು, ಯಾರು ಯಾಕೆ ವಾಪಸ್ ಪಡೆದರು ಎಂಬುದನ್ನು ಎಲ್ಲರಿಗೂ ಓದಲು ಸಿಗುವ ಹಾಗೆ ಬರೆಯಬೇಕು ಅಂತಲೂ ಹೇಳುತ್ತದೆ. ಓದಿದಾಗ ನನಗೆ ಅಜ್ಜನ ಒಂದು ಗೆರೆ ನೆನಪಾಯಿತು.

ನಿಯಮ ಓದುವುದು ಸುಲಭ. ಪೇಪರಿನ ಮೊದಲ ಹೆಸರು ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗನದ್ದು. ಆಗ ಅವನು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ. ಒಂದು ರಾತ್ರಿ ಫೋನ್ ಮಾಡಿ, “ಅಕ್ಕ, ಇನ್ನೊಂದು ಆರು ತಿಂಗಳು ತಡೀಬಹುದಾ?” ಅಂದ. ಅವನ ತಪ್ಪು ಏನೂ ಇರಲಿಲ್ಲ. ಸೊನ್ನೆ ಹಾಕಿದ್ದು ನಾನು, ಪೆಟ್ಟು ಬೀಳುವುದು ಅವನಿಗೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಎರಡು ತಿಂಗಳು ಸುಮ್ಮನಿದ್ದೆ. ಆ ಸುಮ್ಮನಿರುವಿಕೆ ತಪ್ಪು ಅಂತ ಈಗ ಅನಿಸುತ್ತದೆ. ಹಾಗೆ ಸುಮ್ಮನಿರುವವರ ಮನಸ್ಸು ಹೇಗಿರುತ್ತದೆ ಅನ್ನುವುದೂ ಗೊತ್ತಾಯಿತು. ಕೊನೆಗೆ 2019ರ ಮಾರ್ಚ್‌ನಲ್ಲಿ ಸರ್ ಅವರೇ ಎಲ್ಲರನ್ನೂ ಒಪ್ಪಿಸಿದರು. ಏಪ್ರಿಲ್‌ನಲ್ಲಿ ಜರ್ನಲ್‌ಗೆ ಬರೆದೆವು. ಆ ಹುಡುಗನಿಗೆ ಆ ವರ್ಷ ಕೆಲಸ ಸಿಗಲಿಲ್ಲ. ನನ್ನ ಮನಸ್ಸಿನಲ್ಲಿ ಅದು ಹಾಗೇ ಕೂತಿದೆ.

ಜರ್ನಲ್‌ನವರು ಹದಿನೈದು ತಿಂಗಳು ತೆಗೆದುಕೊಂಡರು. ತಪ್ಪು ಮಾಡಿದವರೇ ಬಂದು ತಪ್ಪಾಗಿದೆ ಅಂದರೂ ಅಷ್ಟು ಕಾಲ! ನಾವು ಹೀಗೆ ಕಾಯುತ್ತಿದ್ದಾಗಲೇ ಕೊರೋನಾ ಬಂತು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಟ್ಟವರಲ್ಲಿ ಸಾವು ಹೆಚ್ಚು ಅಂತ ಲ್ಯಾನ್ಸೆಟ್ ಜರ್ನಲ್ 2020ರ ಮೇ 22ರಂದು ಒಂದು ಪೇಪರ್ ಹಾಕಿತು. 671 ಆಸ್ಪತ್ರೆ, 96,032 ರೋಗಿಗಳ ದಾಖಲೆ ಇದೆ ಅಂತ ಅದರಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಮಾತ್ರೆಯನ್ನು ಕೆಲ ದಿನ ನಿಲ್ಲಿಸಿತು. ಅಂಕಿ ಕೊಟ್ಟದ್ದು ಸರ್ಜಿಸ್ಫಿಯರ್ ಎಂಬ ಕಂಪನಿ. ಮೂಲ ದಾಖಲೆ ತೋರಿಸಿ ಅಂದಾಗ ಆ ಕಂಪನಿ ತೋರಿಸಲಿಲ್ಲ. ಉಳಿದ ಲೇಖಕರು ಜೂನ್ 4ರಂದು ಪೇಪರನ್ನು ವಾಪಸ್ ಪಡೆದರು. ಹದಿಮೂರೇ ದಿನ. ಜಗತ್ತು ಕಣ್ಣಿಟ್ಟು ನೋಡುತ್ತಿದ್ದರೆ ಇಷ್ಟು ಬೇಗ ಆಗುತ್ತದೆ. ಸೋಮವಾರಪೇಟೆಯ ಮಳೆಯನ್ನು ಯಾರೂ ನೋಡುತ್ತಿರಲಿಲ್ಲ.

ಅದೇ ಲ್ಯಾನ್ಸೆಟ್ ಇನ್ನೊಂದಕ್ಕೆ ಹನ್ನೆರಡು ವರ್ಷ ತೆಗೆದುಕೊಂಡಿತ್ತು. ಅದರ ಕಥೆ ನನ್ನ ಮನೆಯ ಒಳಗೇ ಬಂದಿದೆ. ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತು ಜೊತೆಗಾರರು 1998ರಲ್ಲಿ ಬರೀ 12 ಮಕ್ಕಳನ್ನು ನೋಡಿ, ದಡಾರದ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಅನ್ನುವ ಹಾಗೆ ಬರೆದರು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರಿಂದ ಆತನಿಗೆ ಹಣ ಬಂದಿತ್ತು ಅಂತ 2004ರಲ್ಲಿ ಬ್ರಯಾನ್ ಡೀರ್ ಎಂಬ ಪತ್ರಕರ್ತ ಹೊರಗೆ ತಂದರು. ಪೇಪರ್ ವಾಪಸ್ ಆದದ್ದು 2010ರಲ್ಲಿ. ಅದೇ ವರ್ಷ ಆತನ ವೈದ್ಯಕೀಯ ನೋಂದಣಿಯೂ ರದ್ದಾಯಿತು. ಅಲ್ಲಿಗೆ ಮುಗಿಯಿತಾ? ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ, ನನ್ನ ಚಿಕ್ಕಮ್ಮನ ಮಗಳ ವಾಟ್ಸಾಪಿಗೆ ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಮೆಸೇಜ್ ಬಂತು. ಏಳು ವರ್ಷ ಹಿಂದೆಯೇ ಹೊಡೆದು ಹಾಕಿದ್ದ ಮಾತು. ಅವಳು ಮಗಳಿಗೆ ಬೇಡವೇ ಬೇಡ ಅಂದಳು. ಆಶಾ ಕಾರ್ಯಕರ್ತೆ ಮೂರು ಸಲ ಗುಡ್ಡ ಹತ್ತಿ ಬಂದು ಕೂತು ಮಾತಾಡಿದ ಮೇಲೆ ಹಾಕಿಸಿದಳು. ವೇಕ್‌ಫೀಲ್ಡ್ ಪೇಪರಿನ ಮೇಲೆ ಬಿದ್ದ ಕೆಂಪು ಅಕ್ಷರ ಆ ಮೆಸೇಜಿನ ಜೊತೆ ಬರಲಿಲ್ಲ. ಅದರ ಬದಲು ನಡೆದು ಬಂದದ್ದು ಆ ಆಶಾ ಕಾರ್ಯಕರ್ತೆ.

ನಮ್ಮ ದೇಶದಲ್ಲೂ ದೊಡ್ಡ ಮೋಸ ನಡೆದಿದೆ. ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಎರಡು ದಶಕಕ್ಕೂ ಹೆಚ್ಚು ಕಾಲ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ಬರೆದವರು. ಅದರಲ್ಲಿ ಕೆಲವು ಮೊರಾಕ್ಕೊದಲ್ಲಿ ಸಿಗುವಂಥವು, ಅಂಗಡಿಯಲ್ಲಿ ಕೊಳ್ಳಬಹುದಾದಂಥವು ಅಂತ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್ ಜರ್ನಲ್‌ನಲ್ಲಿ ಬರೆದರು. ಆ ಅಂಕಿಅಂಶ ನಂಬಿ ಹಿಮಾಲಯದ ಚರಿತ್ರೆ ಕಟ್ಟಿದ ಬೇರೆಯವರ ಕೆಲಸವೂ ಅದರೊಂದಿಗೆ ಕುಸಿಯಿತು.

ಹಾಗಾಗಿ “ಮೋಸ ಆಗಿತ್ತಾ?” ಅಂತ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ವಾಪಸ್ ಪಡೆದ 2,047 ವೈದ್ಯಕೀಯ ಮತ್ತು ಜೀವವಿಜ್ಞಾನದ ಪೇಪರ್‌ಗಳನ್ನು ಮೂವರು ವಿಜ್ಞಾನಿಗಳು 2012ರಲ್ಲಿ ಒಂದೊಂದಾಗಿ ಪರಿಶೀಲಿಸಿದ್ದರು. 67.4 ಶೇಕಡಾ ಪೇಪರ್‌ಗಳ ಹಿಂದೆ ವಂಚನೆ, ವಂಚನೆಯ ಅನುಮಾನ, ಕೃತಿಚೌರ್ಯ, ಒಂದನ್ನೇ ಎರಡು ಕಡೆ ಹಾಕಿಸುವುದು, ಇಂಥವು ಇದ್ದವು. ಬರೀ ತಪ್ಪಿನಿಂದ ವಾಪಸ್ ಆದವು 21.3 ಶೇಕಡಾ. ಅಂದರೆ ಐದರಲ್ಲಿ ಒಂದು. ನಾನು ಆ ಐದನೆಯವಳು. ಆದರೆ ಎಲ್ಲರ ಮೇಲೂ ಬೀಳುವ ಅಕ್ಷರ ಒಂದೇ. ನಮ್ಮ ಪೇಪರಿನ ನೋಟಿಸ್ ನಾಲ್ಕು ಸಾಲಿನದು. ‘ದತ್ತಾಂಶದಲ್ಲಿ ಕಂಡ ದೋಷದ ಕಾರಣ ಲೇಖಕರ ಕೋರಿಕೆಯ ಮೇರೆಗೆ’ ಅನ್ನುವ ಅರ್ಥ ಬರುತ್ತದೆ, ಅಷ್ಟೇ. ಸೋಮವಾರ, ಸಂತೆ, ಸೊನ್ನೆ ಯಾವುದೂ ಇಲ್ಲ. ನಾವು ಒಂದೂವರೆ ಪುಟ ಬರೆದು ಕಳಿಸಿದ್ದೆವು. ಅದನ್ನು ಹಾಕಲಿಲ್ಲ. ಇದು ನನಗೆ ಇವತ್ತಿಗೂ ನೋವು. ಏನು ತಪ್ಪಾಯಿತು ಅಂತ ವಿವರವಾಗಿ ಬರೆದಿದ್ದರೆ, ಹಳೆ ಮಳೆ ಪುಸ್ತಕ ಹಿಡಿದು ಕೂರುವ ಇನ್ನೊಬ್ಬರಿಗೆ ದಾರಿ ಸಿಗುತ್ತಿತ್ತು.

ಈ ಮಧ್ಯೆ 2020ರ ಜನವರಿಯಲ್ಲಿ ಓದಿದ ಒಂದು ಸುದ್ದಿ ನನಗೆ ಧೈರ್ಯ ಕೊಟ್ಟಿತು. ಫ್ರಾನ್ಸಿಸ್ ಆರ್ನಾಲ್ಡ್ 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಹಿಂದಿನ ವರ್ಷ ಸೈನ್ಸ್ ಜರ್ನಲ್‌ನಲ್ಲಿ ಬಂದಿದ್ದ ತಮ್ಮ ಪೇಪರನ್ನು ಅವರು ವಾಪಸ್ ಪಡೆದರು. ಪ್ರಯೋಗ ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ನೋಡಿದರೆ, ಲ್ಯಾಬ್ ನೋಟ್‌ಬುಕ್ಕಿನಲ್ಲಿ ಮುಖ್ಯ ಪ್ರಯೋಗಗಳ ಆಯಾ ದಿನದ ದಾಖಲೆಯೇ ಇರಲಿಲ್ಲ. ಆಗ ತಾನು ಬೇರೆ ಕೆಲಸದಲ್ಲಿ ಮುಳುಗಿದ್ದೆ, ತನ್ನ ಕೆಲಸ ಸರಿಯಾಗಿ ಮಾಡಲಿಲ್ಲ ಅಂತ ಅವರು ಟ್ವಿಟರ್‌ನಲ್ಲಿ ಎಲ್ಲರ ಎದುರು ಕ್ಷಮೆ ಕೇಳಿದರು. ಅಲ್ಲೂ ಪುಸ್ತಕದಲ್ಲಿ ಖಾಲಿ ಜಾಗ. ಅವರ ಹೆಸರಿಗೆ ಅದರಿಂದ ಏನೂ ಆಗಲಿಲ್ಲ. ನೊಬೆಲ್ ಬಂದವರಿಗೆ ಒಪ್ಪಿಕೊಳ್ಳುವುದು ಸುಲಭ ಅಂತ ನಮ್ಮ ಪೇಪರಿನ ಮೊದಲ ಹೆಸರಿನ ಹುಡುಗ ಹೇಳಿದ. ಅವನ ಮಾತು ಸರಿ. ಕೆಲಸ ಖಾಯಂ ಆದವರು ಮೊದಲು ಒಪ್ಪಿಕೊಂಡರೆ ಮಾತ್ರ ಕೆಳಗಿನ ಮಕ್ಕಳಿಗೆ ಧೈರ್ಯ ಬರುತ್ತದೆ. ನಮ್ಮ ಸರ್ ಕೊನೆಗೆ ಮಾಡಿದ್ದು ಅದನ್ನೇ. ಅದಕ್ಕೆ ನಾನು ಅವರಿಗೆ ಋಣಿ.

ಈಗ ಪರಿಸ್ಥಿತಿ ಇನ್ನೂ ಕೆಟ್ಟಿದೆ. 2023 ಒಂದೇ ವರ್ಷ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಪೇಪರ್ ವಾಪಸ್ ಆದವು. ಅದರಲ್ಲಿ 8,000ಕ್ಕಿಂತ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದ ಜರ್ನಲ್‌ಗಳದ್ದು. ದುಡ್ಡು ತೆಗೆದುಕೊಂಡು ಪೇಪರ್ ಬರೆದುಕೊಡುವ ಅಂಗಡಿಗಳೇ ಇವೆ. ಕದ್ದದ್ದು ಸಿಕ್ಕಿಬೀಳದಿರಲಿ ಅಂತ ಸಾಫ್ಟ್‌ವೇರ್‌ನಿಂದ ಪದ ಬದಲಿಸುತ್ತಾರೆ. ‘ಕೃತಕ ಬುದ್ಧಿಮತ್ತೆ’ ಅನ್ನುವ ಕಡೆ ‘ನಕಲಿ ಪ್ರಜ್ಞೆ’, ‘ಸ್ತನ ಕ್ಯಾನ್ಸರ್’ ಅನ್ನುವ ಕಡೆ ‘ಎದೆಯ ಅಪಾಯ’ ಅನ್ನುವಂಥ ಇಂಗ್ಲಿಷ್ ಪದಗಳು ಅಚ್ಚಾಗಿವೆ. ಹಾಗೆ ತಿರುಚಿದ ಪದಗಳನ್ನು ಹುಡುಕಿಯೇ ಸಂಶೋಧಕರು ಇವರನ್ನು ಹಿಡಿಯುತ್ತಿದ್ದಾರೆ. ಎಲಿಜಬೆತ್ ಬಿಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿಯ ಕಥೆ ಇನ್ನೂ ದೊಡ್ಡದು. ಅವರು 20,621 ಪೇಪರ್‌ಗಳ ಚಿತ್ರಗಳನ್ನು ಕಣ್ಣಿನಿಂದಲೇ ನೋಡಿದರು. 3.8 ಶೇಕಡಾ ಪೇಪರ್‌ಗಳಲ್ಲಿ ಒಂದೇ ಚಿತ್ರವನ್ನು ಎರಡು ಕಡೆ ಹಾಕುವಂಥ ತೊಂದರೆ ಸಿಕ್ಕಿತು. ಎಕ್ಸೆಲ್ ಎದುರು ಒಂದು ವರ್ಷ ಕೂತಿದ್ದ ನನಗೆ ಆ ಕಣ್ಣಿನ ಕಷ್ಟ ಸ್ವಲ್ಪ ಅರ್ಥವಾಗುತ್ತದೆ.

ನಮ್ಮಲ್ಲಿ ನಿಯಮ ಮಾಡುವವರು ಮುಖ್ಯವಾಗಿ ನೋಡುವುದು ನಕಲು. ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ 10 ಶೇಕಡಾ ಒಳಗಿದ್ದರೆ ಶಿಕ್ಷೆ ಇಲ್ಲ, ಅದರ ಮೇಲೆ 40, 60 ಅಂತ ಹಂತಗಳು. ನಮ್ಮ ಪೇಪರ್ ಆ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗಿತ್ತು. ಪ್ರತಿ ವಾಕ್ಯವೂ ನಮ್ಮದೇ ಆಗಿತ್ತು. ತಪ್ಪಿದ್ದು ವಾಕ್ಯದಲ್ಲಿ ಅಲ್ಲವಲ್ಲ. ಇನ್ನೊಂದು ಹೊಸದು: ಕಾಲೇಜುಗಳ ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ 2025ರಿಂದ ವಾಪಸ್ ಆದ ಪೇಪರ್‌ಗಳಿಗೆ ಅಂಕ ಕಳೆಯುತ್ತಾರೆ. ಪೇಪರ್ ಅಂಗಡಿಗಳಿಗೆ ಇದರಿಂದ ಪೆಟ್ಟು ಬಿದ್ದರೆ ಒಳ್ಳೆಯದೇ. ಆದರೆ ತಾವಾಗಿ ಬಂದು ತಪ್ಪಾಗಿದೆ ಅಂದವರನ್ನು ಬೇರೆ ಮಾಡಿ ನೋಡಬೇಕು. ಹಾಗೆ ನೋಡದಿದ್ದರೆ ಮುಂದಿನ ಸಲ ಯಾವ ಪ್ರಾಜೆಕ್ಟ್ ಅಸಿಸ್ಟೆಂಟ್ ಪತ್ರ ಬರೆದರೂ, “ಕಾಲೇಜಿನ ರ‍್ಯಾಂಕ್ ಹೋಗುತ್ತಮ್ಮ, ಸುಮ್ನಿರು” ಅನ್ನುವ ಉತ್ತರ ಬರುತ್ತದೆ. ನನಗೆ ಇದರ ಬಗ್ಗೆ ನಿಜವಾಗಿ ಭಯವಿದೆ.

ಇನ್ನೊಂದು ಮಾತು ಹೇಳಲೇಬೇಕು. ಪಕ್ಕದ ತೋಟದ ಮಾವ ಒಬ್ಬರು, “ಹಾಗಾದ್ರೆ ಈ ಹವಾಮಾನ ಬದಲಾವಣೆ ಎಲ್ಲ ಸುಳ್ಳಾ?” ಅಂತ ಕೇಳಿದರು. ಸುಳ್ಳಲ್ಲ. ಮಧ್ಯ ಭಾರತದಲ್ಲಿ ವಿಶಾಲ ಜಾಗಕ್ಕೆ ಸುರಿಯುವ ಅತಿ ಭಾರೀ ಮಳೆ 1950ರಿಂದ 2015ರ ನಡುವೆ ಮೂರು ಪಟ್ಟು ಹೆಚ್ಚಿದೆ ಅಂತ ಪುಣೆಯ ಹವಾಮಾನ ವಿಜ್ಞಾನಿಗಳು 2017ರಲ್ಲಿ ತೋರಿಸಿದ್ದಾರೆ. ಅದು ಬೇರೆ ಅಂಕಿ, ಬೇರೆ ಲೆಕ್ಕ. ನಾವು ವಾಪಸ್ ಪಡೆದದ್ದು ನಮ್ಮ ಹನ್ನೊಂದು ಪುಸ್ತಕಗಳಿಂದ ನಾವು ಹೇಳಿದ ಮಾತನ್ನು ಮಾತ್ರ. ಮತ್ತು ಇಲ್ಲಿ ಆ ಮಾತು ಬರೀ ಕಾಗದದ್ದಲ್ಲ. ಇಷ್ಟು ಇಂಚು ಸುರಿದರೆ ಈ ಗುಡ್ಡದ ಕೆಳಗಿನವರು ಏಳಬೇಕು ಅಂತ ಒಂದು ಗಡಿ ಹಾಕುವುದು ಹಳೆಯ ದಿನದ ಲೆಕ್ಕ ನೋಡಿ. ಎರಡು ದಿನದ ಮಳೆಯನ್ನು ಒಂದೇ ದಿನದ್ದು ಅಂತ ಬರೆದರೆ ಆ ಗಡಿ ಮೇಲೆ ಹೋಗುತ್ತದೆ. ಎಚ್ಚರಿಕೆ ತಡವಾಗಿ ಬರುತ್ತದೆ. 2018 ಕಂಡವಳಾಗಿ ಇದನ್ನು ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಪೇಪರ್ ವಾಪಸ್ ಆದ ಮೇಲೂ ಅದನ್ನು ಉಲ್ಲೇಖಿಸುವವರಿದ್ದಾರೆ. ಮೊದಲು ಇಳಿಸಿಕೊಂಡ ಪಿಡಿಎಫ್‌ನಲ್ಲಿ ಕೆಂಪು ಅಕ್ಷರ ಇರುವುದಿಲ್ಲವಲ್ಲ. ಹಾಗೆ ಕಂಡಾಗಲೆಲ್ಲ ನಾನು ಅವರಿಗೆ ಒಂದು ಮೇಲ್ ಬರೆಯುತ್ತೇನೆ. ಇಲ್ಲಿಯವರೆಗೆ ಆರು ಬರೆದಿದ್ದೇನೆ, ಇಬ್ಬರು ಉತ್ತರಿಸಿದ್ದಾರೆ. ಈಗ ವಾಪಸ್ ಆದ ಪೇಪರ್‌ಗಳ ದೊಡ್ಡ ಪಟ್ಟಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. 2010ರಲ್ಲಿ ಶುರುವಾದ ರಿಟ್ರ್ಯಾಕ್ಷನ್ ವಾಚ್‌ನವರು ಕಟ್ಟಿದ ಪಟ್ಟಿ ಅದು. ಓದಿದ ಪೇಪರ್‌ಗಳನ್ನು ಜೋಡಿಸಿಡುವ ಜೊಟೆರೊ ಅನ್ನುವ ಸಾಫ್ಟ್‌ವೇರ್ ಆ ಪಟ್ಟಿ ನೋಡಿ ತಾನೇ ಎಚ್ಚರಿಸುತ್ತದೆ. ಸಂಶೋಧನೆ ಮಾಡುವ ಮಕ್ಕಳು ಸಿಕ್ಕರೆ ನಾನು ಮೊದಲು ಹೇಳುವುದು ಇದನ್ನೇ.

ಹೋದ ವರ್ಷ ಅಂಥ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಎಂಎಸ್ಸಿ ಕೊನೆ ವರ್ಷ, ಮಳೆ ಪುಸ್ತಕದ ಫೋಟೋ ಬೇಕು ಅಂದಳು. ಜಗಲಿಯಲ್ಲಿ ಪುಸ್ತಕಗಳನ್ನು ಹರಡಿ ಕೊಟ್ಟು, ನಾನು ಕಾಫಿ ಮಾಡಲು ಒಳಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಅವಳು ಒಂದು ಪುಟದ ಮೇಲೆ ಬೆರಳಿಟ್ಟು ಕೂತಿದ್ದಳು.

“ಅಕ್ಕ, ಖಾಲಿ ಇರೋ ಕಡೆ ಏನು ಹಾಕ್ಲಿ?”

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಒಳಗೆ ಹೋಗಿ ಆ ನಾಲ್ಕು ಸಾಲಿನ ನೋಟಿಸಿನ ಪ್ರಿಂಟ್ ಮತ್ತು ನಾವು ಬರೆದಿದ್ದ ಒಂದೂವರೆ ಪುಟ ಎರಡನ್ನೂ ತಂದು ಅವಳ ಕೈಗೆ ಕೊಟ್ಟೆ. ಅವಳು ಓದುವಾಗ ಅಪ್ಪನನ್ನು ಕರೆದೆ. ಅಪ್ಪನಿಗೆ ಈಗ ಎಂಬತ್ತೊಂದು. ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಸಂಜೆಯ ತನಕ ಒಂದೊಂದೇ ಖಾಲಿ ಜಾಗ ನೋಡುತ್ತಾ ಹೋದೆವು. ಇದು ಸಂತೆ. ಇದು ರೈಟರ್‌ಗೆ ಜ್ವರ. ಇದು ಗೇಜ್ ಒಡೆದು ಹೊಸದು ಬರುವ ತನಕ.

ಒಂದು ಕಡೆ ಸಾಲಾಗಿ ಮೂರು ದಿನ ಖಾಲಿ ಇತ್ತು. ಜುಲೈ ತಿಂಗಳು. ಅಪ್ಪ ಪುಟವನ್ನು ಬೆಳಕಿಗೆ ಹಿಡಿದು ತಾರೀಖು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದು ನೀನು ಹುಟ್ಟಿದಾಗ ಕಣೇ. ಎಲ್ರೂ ಮಡಿಕೇರಿ ಆಸ್ಪತ್ರೆಯಲ್ಲಿದ್ವಿ. ಯಾರೂ ನೋಡಿಲ್ಲ. ಮೂರು ದಿನವೂ ಮಳೆ ಇತ್ತು, ಎಷ್ಟು ಅಂತ ಗೊತ್ತಿಲ್ಲ.”

ಹುಡುಗಿ ಆ ಮೂರು ಚೌಕಗಳಲ್ಲಿ ‘ಅಳತೆ ಇಲ್ಲ’ ಅಂತ ಹಾಕಿದಳು. ಪಕ್ಕದ ಸಾಲಿನಲ್ಲಿ ಅಪ್ಪ ಹೇಳಿದ್ದನ್ನೂ ಬರೆದುಕೊಂಡಳು.